ಬೀಳು ಬಿದ್ದ ತರಂಗಾಂತರಕ್ಕೆ ಬೇಲಿ ಯಾಕೆ?

ಕಳೆದ ಫೆಸ್ಟ್‌ನ ರೋಬೋ ರೇಸ್ ನೋಡಿದವರಿಗೆ ನಮ್ಮ ಬಾಟ್ ನೆನಪಿರಬಹುದು. ನೆನಪಿಲ್ಲದಿದ್ದರೆ ಇನ್ನೂ ಒಳ್ಳೇದು. ಬೆಳಿಗ್ಗೆ ಟ್ರಯಲ್‌ನಲ್ಲಿ ಚಿಗರೆ ಥರ ಓಡಿದ್ದು ಸಂಜೆ ಫೈನಲ್‌ನಲ್ಲಿ ಎರಡನೇ ತಿರುವಿಗೆ ಬಂದು ನಿಂತೇಬಿಡ್ತು. ಬ್ಯಾಟರಿ ಹೋಗಿರಬೇಕು ಅಂತ ಬದಲಾಯಿಸಿದ್ವಿ. ಮೋಟರ್ ಡ್ರೈವರ್ ಸುಟ್ಟಿದೆ ಅಂದ ಒಬ್ಬ. ಕೊನೆಗೆ ಕೋಡ್ ಬರೆದವನನ್ನು ಎಲ್ಲರೂ ಸೇರಿ ಬೈದ್ವಿ. ರಾತ್ರಿ ಹನ್ನೊಂದಕ್ಕೆ ಆಡಿಟೋರಿಯಂ ಖಾಲಿಯಾದ ಮೇಲೆ ಅದೇ ಬಾಟ್, ಅದೇ ಬ್ಯಾಟರಿ, ಅದೇ ಕೋಡ್. ಮತ್ತೆ ಚಿಗರೆ!

ತಪ್ಪು ಬಾಟ್‌ದಲ್ಲ, ಸುತ್ತಲಿನ ಗಾಳಿದು. ನಮ್ಮ ಬಾಟ್‌ನಲ್ಲಿದ್ದದ್ದು ಇಎಸ್‌ಪಿ32 ಬೋರ್ಡ್. ಅದು ಮಾತಾಡೋದು 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಮಾತ್ರ. ಸಂಜೆ ಅಲ್ಲಿದ್ದ ನೂರಾರು ಜನರ ಹಾಟ್‌ಸ್ಪಾಟು, ಬ್ಲೂಟೂತ್ ಇಯರ್‌ಬಡ್ಸು, ಕಾಲೇಜಿನ ವೈ-ಫೈ ಎಲ್ಲ ಅದೇ ಬ್ಯಾಂಡ್‌ನಲ್ಲಿ. ಆ ಬ್ಯಾಂಡ್ 2400ರಿಂದ 2483.5 ಮೆಗಾಹರ್ಟ್ಸ್‌ವರೆಗೆ, ಅಂದರೆ ಒಟ್ಟು 83.5 ಮೆಗಾಹರ್ಟ್ಸ್ ಅಷ್ಟೆ. ಒಂದರ ಮೇಲೊಂದು ಬೀಳದ ವೈ-ಫೈ ಚಾನೆಲ್‌ಗಳು ಅಲ್ಲಿ ಮೂರೇ ಮೂರು: 1, 6, 11. ನೂರಾರು ಜನಕ್ಕೆ ಮೂರು ಬಾಗಿಲು. ವೈ-ಫೈ ಸಾಧನ ಮಾತಾಡೋಕೆ ಮುಂಚೆ ಕಿವಿಗೊಟ್ಟು ಕೇಳುತ್ತೆ, ಬೇರೆ ಯಾರಾದ್ರೂ ಮಾತಾಡ್ತಿದ್ರೆ ಕಾಯುತ್ತೆ. ನೆಟ್‌ವರ್ಕ್ಸ್ ಪೇಪರ್‌ನಲ್ಲಿ ಇದನ್ನು ಹತ್ತು ಮಾರ್ಕ್ಸ್‌ಗೆ ಬರೆದಿದ್ದೀವಿ. ನಮ್ಮ ಬಾಟ್ ಪಾಪ, ಆ ಸಂಜೆ ಸರದಿಗಾಗಿ ಕಾಯ್ತಾ ನಿಂತಿತ್ತು.

ಕನ್ನಡ ಸಂಘದ ಪತ್ರಿಕೇಲಿ ಇದೆಲ್ಲ ಯಾಕೆ ಅಂತ ಕೇಳಬೇಡಿ. ಅವತ್ತು ಸೋತ ಹೊಟ್ಟೆಉರಿಯಲ್ಲಿ ಓದೋಕೆ ಶುರು ಮಾಡಿದ್ವಿ. ಓದ್ತಾ ಹೋದ ಹಾಗೆ ಇದು ರೇಸಿನ ವಿಷಯವಾಗಿ ಉಳಿಯಲಿಲ್ಲ.

ಮೊದಲು ಈ ಪುಕ್ಕಟೆ ಜಾಗದ ಕಥೆ. ರೇಡಿಯೋ ತರಂಗಾಂತರದ ಬಹುಪಾಲು ಪಟ್ಟಾ ಜಮೀನಿದ್ದಂತೆ. ದುಡ್ಡು ಕೊಟ್ಟು ಹರಾಜಿನಲ್ಲಿ ಕೊಂಡವರಿಗೋ, ಸೇನೆಗೋ, ಬಾಹ್ಯಾಕಾಶ ಇಲಾಖೆಗೋ ಬರೆದುಕೊಟ್ಟಿರುತ್ತೆ. ಬೇರೆಯವರು ಅಲ್ಲಿ ಕಾಲಿಟ್ಟರೆ ಅಪರಾಧ. 2.4 ಗಿಗಾಹರ್ಟ್ಸ್ ಹಾಗಲ್ಲ, ಅದು ಊರ ಗೋಮಾಳ. 1985ರಲ್ಲಿ ಅಮೆರಿಕದ ಎಫ್‌ಸಿಸಿ ಇದನ್ನೂ ಇನ್ನೆರಡು ಬ್ಯಾಂಡ್‌ಗಳನ್ನೂ ಸ್ಪ್ರೆಡ್ ಸ್ಪೆಕ್ಟ್ರಮ್ ಸಾಧನಗಳಿಗೆ ಲೈಸೆನ್ಸ್ ಇಲ್ಲದೇ ಬಿಟ್ಟುಕೊಟ್ಟಾಗ ಅದನ್ನು ಕಸದ ಬ್ಯಾಂಡ್ ಅಂತಲೇ ಕರೀತಿದ್ರು. ಯಾಕಂದ್ರೆ ಮೈಕ್ರೋವೇವ್ ಓವನ್‌ಗಳ ಗದ್ದಲ ಇರೋದೂ ಅಲ್ಲೇ. ಹರಾಜಿಗಿಟ್ಟಿದ್ರೆ ಯಾರೂ ಕೈ ಎತ್ತುತ್ತಿರಲಿಲ್ಲ. ಆ ಕಸದಲ್ಲೇ ಮುಂದೆ ವೈ-ಫೈ ಬೆಳೀತು, ಬ್ಲೂಟೂತ್ ಬೆಳೀತು. ನಮ್ಮ ದೇಶ 2.4 ಗಿಗಾಹರ್ಟ್ಸ್ ಅನ್ನು ಲೈಸೆನ್ಸ್‌ಮುಕ್ತ ಮಾಡಿದ್ದು 2005ರ ಜನವರಿಯಲ್ಲಿ. 5 ಗಿಗಾಹರ್ಟ್ಸ್‌ನಲ್ಲಿ 605 ಮೆಗಾಹರ್ಟ್ಸ್ ಬಿಟ್ಟುಕೊಟ್ಟಿದ್ದು 2018ರ ಅಕ್ಟೋಬರ್‌ನಲ್ಲಿ.

ಗೋಮಾಳಕ್ಕೆ ಒಂದು ಕರಾರಿದೆ. ಇಲ್ಲಿ ಯಾರು ಯಾರ ಮೇಲೂ ದೂರು ಕೊಡೋ ಹಾಗಿಲ್ಲ. ಬೇರೆಯವರ ಗದ್ದಲ ಸಹಿಸ್ಕೋಬೇಕು, ಲೈಸೆನ್ಸ್ ಇರೋರಿಗೆ ನಾವು ತೊಂದರೆ ಕೊಡಬಾರದು. ಹಾಗಾಗಿ ರೇಸ್ ಸೋತದ್ದಕ್ಕೆ ನಾವು ಯಾರನ್ನೂ ಕೇಳೋ ಹಾಗಿರಲಿಲ್ಲ. ಆದರೆ ದನ ಹೆಚ್ಚಾದ ಮೇಲೆ ಗೋಮಾಳವೂ ಹೆಚ್ಚಬೇಕಲ್ವಾ?

ಇಲ್ಲಿಂದ 6 ಗಿಗಾಹರ್ಟ್ಸ್ ಜಗಳ ಶುರು. 5925ರಿಂದ 7125ರವರೆಗಿನ 1200 ಮೆಗಾಹರ್ಟ್ಸ್ ಅನ್ನು ಅಮೆರಿಕ 2020ರ ಏಪ್ರಿಲ್‌ನಲ್ಲಿ ಇಡಿಯಾಗಿ ವೈ-ಫೈಗೆ ತೆರೆಯಿತು. ಯುರೋಪ್ ಮರುವರ್ಷ ಕೆಳಗಿನ ಭಾಗ ತೆರೆಯಿತು. ನಮ್ಮಲ್ಲಿ ವರ್ಷಗಟ್ಟಲೆ ಎಳೆದಾಟ. ಗೇಮರ್‌ಗಳಿಗೆ ಇದು ಬೇರೆ ರೀತಿ ಗೊತ್ತು: 2024ರ ನವೆಂಬರ್‌ನಲ್ಲಿ ಪಿಎಸ್5 ಪ್ರೋ ಬಂದಾಗ ಭಾರತಕ್ಕೆ ಬರಲಿಲ್ಲ, ಇಲ್ಲಿ 6 ಗಿಗಾಹರ್ಟ್ಸ್ ವೈ-ಫೈಗೆ ಅನುಮತಿ ಇಲ್ಲ ಅನ್ನೋದೇ ಸೋನಿ ಕೊಟ್ಟ ಕಾರಣ. 2025ರ ಮೇನಲ್ಲಿ ಕೊನೆಗೂ ಕೇಂದ್ರ ಸರ್ಕಾರ ಕೆಳಗಿನ 500 ಮೆಗಾಹರ್ಟ್ಸ್, ಅಂದರೆ 5925ರಿಂದ 6425ರವರೆಗೆ, ಲೈಸೆನ್ಸ್‌ಮುಕ್ತ ಮಾಡುವ ಕರಡು ನಿಯಮ ಹೊರಡಿಸಿತು. ಮನೆಯೊಳಗೆ ಒಂದು ವಾಟ್‌ವರೆಗೆ, ಹೊರಗೆ 25 ಮಿಲಿವಾಟ್‌ವರೆಗೆ. ಡ್ರೋನ್‌ಗಳಲ್ಲಿ ಬಳಸೋ ಹಾಗಿಲ್ಲ ಅಂತಲೂ ಅದರಲ್ಲಿದೆ. ಡ್ರೋನ್ ಟೀಮ್‌ನವರು ಗಮನಿಸಿ.

ಉಳಿದದ್ದು ಮೇಲಿನ 700 ಮೆಗಾಹರ್ಟ್ಸ್. ಇದನ್ನು ಹರಾಜು ಹಾಕಿ ಮೊಬೈಲ್ ಸೇವೆಗೆ ಕೊಡಬೇಕು ಅನ್ನೋದು ಟೆಲಿಕಾಂ ಕಂಪನಿಗಳ ಒತ್ತಾಯ. ಸರ್ಕಾರವೂ ಆ ದಿಕ್ಕಿಗೇ ಹೊರಟಿದೆ. ನಮ್ಮ ತಕರಾರು ಹರಾಜಿನ ಬಗ್ಗೆ ಅಲ್ಲ. ಹರಾಜಾದ ಮರುದಿನವೇ ದೇಶದ ಉದ್ದಗಲಕ್ಕೂ ಬೇಲಿ ಹಾಕಿ, ಒಳಗೆ ಯಾರೂ ಬಿತ್ತದೇ ಇದ್ರೂ ಹೊರಗಿನವರು ಕಾಲಿಡಬಾರದು ಅನ್ನೋದಿದೆಯಲ್ಲ, ಆ ಬೇಲಿಯ ಬಗ್ಗೆ.

ಟೆಲಿಕಾಂನವರ ಮಾತಲ್ಲಿ ಹುರುಳಿಲ್ಲ ಅಂತ ನಾವು ಹೇಳಲ್ಲ. ಕ್ಯಾಂಪಸ್‌ನಲ್ಲಿ ಕೂತು ವೈ-ಫೈ ವೈ-ಫೈ ಅನ್ನೋದು ಸುಲಭ. ವೈ-ಫೈ ಹಿಂದೆ ಒಂದು ವೈರ್ ಇರಬೇಕು. ದೇಶದಲ್ಲಿ ವೈರಿನ ಬ್ರಾಡ್‌ಬ್ಯಾಂಡ್ ಇರೋದು ನಾಲ್ಕೈದು ಕೋಟಿ ಸಂಪರ್ಕ. ಮೊಬೈಲ್ ಇಂಟರ್‌ನೆಟ್ ಬಳಸೋರು 90 ಕೋಟಿಗೂ ಮೇಲೆ. ನಮ್ಮಲ್ಲೇ ಎಷ್ಟೋ ಜನರ ಮನೆಗೆ ಇವತ್ತಿಗೂ ಫೈಬರ್ ಬಂದಿಲ್ಲ. ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ಸಿಗ್ನಲ್ ಹುಡುಕ್ಕೊಂಡು ಗುಡ್ಡ ಹತ್ತಿದವರು ಈ ಸಂಪಾದಕ ಮಂಡಳಿಯಲ್ಲೇ ಇದ್ದಾರೆ. ಅವರ ಊರಿಗೆ ಬೇಕಿರೋದು ಟವರ್, ರೂಟರ್ ಅಲ್ಲ. ಆದರೆ 6 ಗಿಗಾಹರ್ಟ್ಸ್ ಆ ಗುಡ್ಡ ದಾಟೋ ತರಂಗವೇ ಅಲ್ಲ. ದೂರ ಹೋಗಲ್ಲ, ಗೋಡೆ ದಾಟೋಕೆ ಒದ್ದಾಡುತ್ತೆ. ಟೆಲಿಕಾಂನವರು ಅದನ್ನು ಮೊದಲು ಹಾಕೋದು ಜನ ಕಿಕ್ಕಿರಿದ ಜಾಗದಲ್ಲಿ: ಮೆಜೆಸ್ಟಿಕ್‌ನಂಥ ಕಡೆ, ಸ್ಟೇಡಿಯಂ ಸುತ್ತ, ಐಟಿ ಪಾರ್ಕ್‌ಗಳಲ್ಲಿ. ಹಳ್ಳಿಯ ಹೆಸರಲ್ಲಿ ಕೇಳಿದ ತರಂಗಾಂತರ ಹಳ್ಳೀಲಿ ಖಾಲಿ ಬಿದ್ದಿರುತ್ತೆ.

ಇನ್ನೊಂದು ವಿಷಯ ಈ ಜಗಳದಲ್ಲಿ ಯಾರೂ ಜೋರಾಗಿ ಹೇಳಲ್ಲ. 6 ಗಿಗಾಹರ್ಟ್ಸ್ ಈಗಲೂ ಖಾಲಿ ಜಾಗವಲ್ಲ. ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆಯಲ್ಲ, ನಮ್ಮ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ನೋಡಿಕೊಳ್ಳೋದು ಅಲ್ಲಿಂದ. ಸಿ-ಬ್ಯಾಂಡ್‌ನಲ್ಲಿ ಭೂಮಿಯಿಂದ ಉಪಗ್ರಹಕ್ಕೆ ಏರುವ ಸಂಕೇತಗಳು ಹೋಗೋದು ಇದೇ 6 ಗಿಗಾಹರ್ಟ್ಸ್ ದಾರೀಲಿ. ಕೇಳುವ ಕಿವಿ ಇರೋದು 36,000 ಕಿಲೋಮೀಟರ್ ಮೇಲೆ. ನಿಮ್ಮ ರೂಮಿನ ಒಂದು ರೂಟರ್ ಆ ಕಿವಿಗೆ ಲೆಕ್ಕವೇ ಅಲ್ಲ. ಆದರೆ ಉಪಗ್ರಹದ ಆಂಟೆನಾ ಇಡೀ ದೇಶವನ್ನು ಒಟ್ಟಿಗೆ ನೋಡ್ತಾ ಇರುತ್ತೆ. ಕೋಟಿಗಟ್ಟಲೆ ರೂಟರ್‌ಗಳ ಪಿಸುಮಾತು ಸೇರಿದರೆ ನಾಯ್ಸ್ ಫ್ಲೋರ್ ಏರುತ್ತೆ. ಮನೆಯೊಳಗೆ ಕಡಿಮೆ ಪವರ್ ಅನ್ನೋ ನಿಯಮ ಬಂದಿದ್ದು ಇಂಥ ಕಾರಣಕ್ಕೇ: ಗೋಡೆಗಳೇ ಬೇಲಿಯ ಕೆಲಸ ಮಾಡಲಿ ಅಂತ. ಮೊಬೈಲ್ ಟವರ್ ಆದರೋ ಬಯಲಲ್ಲಿ ನಿಂತು ಇದರ ಎಷ್ಟೋ ಪಟ್ಟು ಪವರ್‌ನಲ್ಲಿ ಕೂಗುತ್ತೆ. ಅಂದರೆ ಈ ಬ್ಯಾಂಡ್‌ನಲ್ಲಿ ಯಾರೇ ಬಂದರೂ ಉಪಗ್ರಹದವರ ಜತೆ ಹಂಚಿಕೊಂಡೇ ಬದುಕಬೇಕು. ಹಂಚಿಕೊಳ್ಳೋದು ಅನಿವಾರ್ಯ ಅಂತಾದ ಮೇಲೆ ಇಬ್ಬರ ನಡುವೆ ಮಾತ್ರ ಯಾಕೆ, ಮೂವರ ನಡುವೆ ಯಾಕಾಗಬಾರದು?

ಬಯಲುಸೀಮೆಯಿಂದ ಬಂದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಸುಗ್ಗಿ ಮುಗಿದ ಮೇಲೆ ಕುರಿಗಾರರು ಹಿಂಡು ಹೊಡ್ಕೊಂಡು ಬರ್ತಾರೆ. ಹೊಲದವರೇ ಕರೆದು ರಾತ್ರಿ ಕುರಿ ಮಂದೆ ನಿಲ್ಲಿಸ್ಕೊಳ್ತಾರೆ, ಅದಕ್ಕೆ ಕಾಳೋ ಕಾಸೋ ಕೊಡ್ತಾರೆ. ಕುರಿಗೆ ಮೇವು, ಹೊಲಕ್ಕೆ ಗೊಬ್ಬರ. ಪಹಣಿ ಹೊಲದವನ ಹೆಸರಲ್ಲೇ ಇರುತ್ತೆ. ಮಳೆ ಬಿದ್ದು ನೇಗಿಲು ಹೂಡೋ ಹೊತ್ತಿಗೆ ಹಿಂಡು ಮುಂದಿನ ಊರಿಗೆ ಹೋಗಿರುತ್ತೆ. ಇದರಲ್ಲಿ ಒತ್ತುವರಿ ಯಾವುದೂ ಇಲ್ಲ. ಬಿತ್ತನೆ ಯಾವಾಗ ಅನ್ನೋದು ಕುರಿಗಾರನಿಗೆ ಗೊತ್ತಿರಬೇಕು, ಅಷ್ಟೆ.

ಈ ‘ಗೊತ್ತಿರೋದು’ ಎಂಜಿನಿಯರಿಂಗ್ ಪ್ರಶ್ನೆ, ಮತ್ತು ಇದಕ್ಕೆ ಉತ್ತರ ಆಗಲೇ ಇದೆ. ಅಮೆರಿಕದಲ್ಲಿ 3550ರಿಂದ 3700 ಮೆಗಾಹರ್ಟ್ಸ್ ನಡುವೆ ಸಿಬಿಆರ್‌ಎಸ್ ಅಂತ ಒಂದು ವ್ಯವಸ್ಥೆ ನಡೀತಿದೆ. ಮೂಲ ಒಡೆಯ ನೌಕಾಪಡೆಯ ರೇಡಾರ್. ಯುದ್ಧನೌಕೆ ದಡದ ಹತ್ತಿರ ಇರೋದು ಯಾವಾಗಲೋ ಒಮ್ಮೆ. ಉಳಿದ ಹೊತ್ತು ಬ್ಯಾಂಡ್ ಸುಮ್ಮನೆ ಬಿದ್ದಿರುತ್ತಿತ್ತು. 2015ರಲ್ಲಿ ಎಫ್‌ಸಿಸಿ ಅದನ್ನು ಮೂರು ಅಂತಸ್ತು ಮಾಡಿತು. ಮೊದಲ ಮರ್ಯಾದೆ ರೇಡಾರ್‌ಗೆ. ಎರಡನೆಯದು ಹರಾಜಿನಲ್ಲಿ ಕೊಂಡವರಿಗೆ, ಅದೂ ಜಿಲ್ಲೆಯಂಥ ಸಣ್ಣ ಪ್ರದೇಶಕ್ಕೆ, ಹತ್ತು ಮೆಗಾಹರ್ಟ್ಸ್ ತುಂಡುಗಳಲ್ಲಿ. ಮೂರನೆಯದು ಎಲ್ಲರಿಗೂ: ಲೈಸೆನ್ಸ್ ಬೇಡ, ಹೆಸರು ನೋಂದಾಯಿಸಿದರೆ ಸಾಕು. ಕಾರ್ಖಾನೆ, ಶಾಲೆ, ಹಳ್ಳಿಯ ಸಣ್ಣ ಇಂಟರ್‌ನೆಟ್ ಕಂಪನಿ, ಯಾರು ಬೇಕಾದ್ರೂ. ನಡುವೆ ಒಂದು ಕಂಪ್ಯೂಟರ್ ವ್ಯವಸ್ಥೆ ಕೂತು ಯಾರು ಎಲ್ಲಿ ಯಾವ ಚಾನೆಲ್‌ನಲ್ಲಿ ಎಷ್ಟು ಪವರ್‌ನಲ್ಲಿ ಮಾತಾಡಬಹುದು ಅಂತ ಹೇಳ್ತಾ ಇರುತ್ತೆ. ದಡದುದ್ದಕ್ಕೂ ಸೆನ್ಸರ್‌ಗಳಿವೆ. ರೇಡಾರ್ ಸದ್ದು ಕೇಳಿದರೆ ಕೆಲವೇ ನಿಮಿಷದಲ್ಲಿ ಉಳಿದವರಿಗೆ ಜಾಗ ಖಾಲಿ ಮಾಡಿ ಅಂತ ಆದೇಶ.

2020ರಲ್ಲಿ ಆ ಎರಡನೇ ಅಂತಸ್ತಿನ ಹರಾಜಿಗೆ 450 ಕೋಟಿ ಡಾಲರಿಗೂ ಹೆಚ್ಚು ಬಂತು ಅನ್ನೋದನ್ನು ಗಮನಿಸಿ. ಕೊಂಡವನು ಬಳಸದ ಜಾಗದಲ್ಲಿ ಬೇರೆಯವರು ಪುಕ್ಕಟೆ ಬಳಸ್ತಾರೆ ಅಂತ ಗೊತ್ತಿದ್ದೂ ಜನ ದುಡ್ಡು ಕೊಟ್ಟರು. ಹಂಚಿಕೊಂಡರೆ ಖಜಾನೆಗೆ ನಷ್ಟ ಅನ್ನೋ ವಾದಕ್ಕೆ ಇದಕ್ಕಿಂತ ಉತ್ತರ ಬೇಡ. ಅಲ್ಲೂ ಎಲ್ಲ ಹಾಲು-ಜೇನು ಅಲ್ಲ, ಪವರ್ ಮಿತಿ ತುಂಬಾ ಕಡಿಮೆ ಅಂತ ದೊಡ್ಡ ಕಂಪನಿಗಳ ಗೊಣಗಾಟ ಇದ್ದೇ ಇದೆ. ಆದರೆ ವ್ಯವಸ್ಥೆ ನಡೀತಿದೆ.

ನಮ್ಮ ದೇಶದಲ್ಲೂ ಈ ದಾರಿ ಹೊಸದಲ್ಲ. ಐಐಟಿ ಬಾಂಬೆಯವರು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಹಳ್ಳಿಗಳಲ್ಲಿ ದೂರದರ್ಶನದ ಖಾಲಿ ಚಾನೆಲ್ ಬಳಸಿ ಇಂಟರ್‌ನೆಟ್ ಕೊಟ್ಟು ತೋರಿಸಿದರು. ಯುಎಚ್‌ಎಫ್‌ನ 470ರಿಂದ 590 ಮೆಗಾಹರ್ಟ್ಸ್‌ನಲ್ಲಿ ಎಂಟು ಮೆಗಾಹರ್ಟ್ಸ್‌ನ 15 ಚಾನೆಲ್‌ಗಳಿವೆ. ದೇಶದ ಹೆಚ್ಚುಕಡಿಮೆ ಎಲ್ಲ ಕಡೆ ಅವುಗಳಲ್ಲಿ 12 ಖಾಲಿ ಅಂತ 2014ರಲ್ಲೇ ಅವರು ಲೆಕ್ಕ ಹಾಕಿದ್ದರು. ಆಮೇಲೆ ದೂರದರ್ಶನ ತನ್ನ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನೇ ಬಹುತೇಕ ಮುಚ್ಚಿತು. ಈ ತರಂಗ ಗುಡ್ಡವನ್ನೂ ಬಳಸಿಕೊಂಡು ಹೋಗಬಲ್ಲದು, ಮರದ ಸಂದಿಯಲ್ಲೂ ನುಸುಳಬಲ್ಲದು. ಸಿಗ್ನಲ್‌ಗಾಗಿ ಗುಡ್ಡ ಹತ್ತಿದವರಿಗೆ ಬೇಕಿದ್ದದ್ದು ಇದು.

ಕುತೂಹಲಕ್ಕೆ ನಾವೂ ಒಂದು ಸಂಜೆ ಲ್ಯಾಬಿನ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ತಗೊಂಡು ಟೆರೇಸ್ ಹತ್ತಿದ್ವಿ. 470ರಿಂದ 700ರವರೆಗೆ ನಿಧಾನವಾಗಿ ನೋಡ್ತಾ ಹೋದ್ವಿ. ಗೆರೆ ಚಪ್ಪಟೆ. ನಡುವೆ ಒಂದೆರಡು ಮೊಳಕೆ, ಅದೂ ನಮ್ಮ ಲ್ಯಾಪ್‌ಟಾಪಿನದೇ ಗದ್ದಲ ಇರಬಹುದು. 600 ಮೆಗಾಹರ್ಟ್ಸ್ ಬ್ಯಾಂಡ್ 2022ರ ಹರಾಜಿನಲ್ಲಿತ್ತು, ಒಬ್ಬರೂ ಕೂಗಲಿಲ್ಲ. ಹರಾಜಿನಲ್ಲಿ ಹೋಗಲಿಲ್ಲ ಅಂತ ಬೇರೆಯವರಿಗೂ ಕೊಡಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಇಲ್ಲಾಂದ್ರೆ ಕಮ್ಯುನಿಕೇಶನ್ ಮೇಷ್ಟ್ರು ಬೈತಾರೆ. ನಮ್ಮ ಡಾಂಗಲ್‌ಗೆ ಏನೂ ಕೇಳಿಸಲಿಲ್ಲ ಅಂದರೆ ಅಲ್ಲಿ ಯಾರೂ ಇಲ್ಲ ಅಂತಲ್ಲ. ಗುಡ್ಡದ ಮರೆಯಲ್ಲಿ ನಿಂತವನಿಗೆ ಟ್ರಾನ್ಸ್‌ಮಿಟರ್ ಕೇಳಿಸದೇ ಇರಬಹುದು, ಆದರೆ ಪಕ್ಕದ ದಿಬ್ಬದ ಮೇಲಿನ ಮನೆಯವರು ಅದನ್ನೇ ನೋಡ್ತಾ ಇರಬಹುದು. ಇವನು ಖಾಲಿ ಅಂತ ಕೂಗಿದರೆ ಅವರ ಟಿವಿ ಕೆಡುತ್ತೆ. ಬರೀ ಕಿವಿಯನ್ನು ನಂಬಿದರೆ ಆಗಲ್ಲ ಅಂತಲೇ ಅಮೆರಿಕದವರು 2010ರಲ್ಲಿ ಡೇಟಾಬೇಸ್ ಮುಖ್ಯ ಮಾಡಿದರು: ಸಾಧನ ತಾನು ಎಲ್ಲಿದ್ದೀನಿ ಅಂತ ಹೇಳಬೇಕು, ಡೇಟಾಬೇಸ್ ಅಲ್ಲಿ ಯಾವ ಚಾನೆಲ್ ಖಾಲಿ ಅಂತ ಹೇಳಬೇಕು.

ಈಗ ನಮ್ಮ ಕಡೆಯ ಪಾಪ. ಲೈಸೆನ್ಸ್ ಇರೋರು ಹಂಚಿಕೊಳ್ಳೋಕೆ ಹೆದರೋದಕ್ಕೆ ಕಾರಣ ಇದೆ, ಆ ಕಾರಣ ನಮ್ಮಂಥವರೇ. 5 ಗಿಗಾಹರ್ಟ್ಸ್‌ನ ಒಂದು ಭಾಗದಲ್ಲಿ ಹವಾಮಾನ ರೇಡಾರ್‌ಗಳಿವೆ. ಅಲ್ಲಿ ರೂಟರ್ ಶುರುವಾಗೋಕೆ ಮುಂಚೆ ಕನಿಷ್ಠ 60 ಸೆಕೆಂಡು ಕೇಳಬೇಕು. ರೇಡಾರ್ ಕೇಳಿಸಿದರೆ ಹತ್ತು ಸೆಕೆಂಡಿನೊಳಗೆ ಚಾನೆಲ್ ಬಿಟ್ಟು ಹೋಗಬೇಕು, ಅರ್ಧ ಗಂಟೆ ವಾಪಸ್ ಬರಬಾರದು. ಕಾಗದದ ಮೇಲೆ ಚೆಂದ. 2009ರಲ್ಲಿ ಪೋರ್ಟೊರಿಕೊದ ಸಾನ್ ಹುವಾನ್‌ನಲ್ಲಿ ವಿಮಾನಗಳಿಗೆ ಬಿರುಗಾಳಿ ಎಚ್ಚರಿಕೆ ಕೊಡುವ ರೇಡಾರ್‌ನ ಪರದೆ ಮೇಲೆ ಗೆರೆಗೆರೆ ಬರೋಕೆ ಶುರುವಾಯ್ತು. ಹುಡುಕಿದರೆ ಸಿಕ್ಕಿದ್ದು ಕಟ್ಟಡಗಳ ಮೇಲೆ ಕೂರಿಸಿದ್ದ ಲೈಸೆನ್ಸ್‌ಮುಕ್ತ ವೈರ್‌ಲೆಸ್ ಸಾಧನಗಳು. ರೇಡಾರ್ ಕೇಳಿಸಿಕೊಳ್ಳೋ ವ್ಯವಸ್ಥೆ ಅವುಗಳಲ್ಲಿ ಸರಿಯಾಗಿ ಕೆಲಸ ಮಾಡ್ತಿರಲಿಲ್ಲ, ಅಥವಾ ಅದನ್ನು ಆಫ್ ಮಾಡಿ ಇಟ್ಟಿದ್ರು.

ನಗಬೇಡಿ. ನಮ್ಮ ಹಾಸ್ಟೆಲ್‌ನಲ್ಲಿ ‘60 ಸೆಕೆಂಡ್ ಯಾರು ಕಾಯ್ತಾರೆ ಮಗಾ’ ಅಂತ ರೂಟರ್‌ನ ದೇಶದ ಕೋಡ್ ಬದಲಾಯಿಸಿದವರು ಇದ್ದಾರೆ. ಪವರ್ ಹೆಚ್ಚಾಗುತ್ತೆ ಅಂತ ಫರ್ಮ್‌ವೇರ್ ಬದಲಾಯಿಸಿದವರೂ ಇದ್ದಾರೆ. ನಮ್ಮಲ್ಲೇ ಒಬ್ಬರು ಅದನ್ನು ಜೂನಿಯರ್ಸ್‌ಗೆ ಹೆಮ್ಮೆಯಿಂದ ಹೇಳಿಕೊಟ್ಟಿದ್ದೂ ಉಂಟು. ಬೆಳೆ ನಿಂತ ಹೊಲಕ್ಕೆ ಕುರಿ ನುಗ್ಗಿಸಿದವನನ್ನು ಮುಂದಿನ ವರ್ಷ ಯಾರು ಕರೀತಾರೆ? ಹಂಚಿಕೆಯ ಪರ ವಾದ ಮಾಡೋ ನಾವು ಮೊದಲು ಆ ಸೆಟ್ಟಿಂಗ್ ವಾಪಸ್ ಹಾಕಿದ್ದೀವಿ. ಜೂನಿಯರ್ಸ್, ನೀವೂ ಹಾಕಿ.

ಕಾನೂನಿನಲ್ಲಿ ದಾರಿ ಇಲ್ಲ ಅನ್ನೋ ಹಾಗೂ ಇಲ್ಲ. 1993ರ ಹೀರೋ ಕಪ್ ಕ್ರಿಕೆಟ್ ಪ್ರಸಾರದ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 1995ರ ಫೆಬ್ರುವರಿಯಲ್ಲಿ ತೀರ್ಪು ಬಂತು: ತರಂಗಗಳು ಸಾರ್ವಜನಿಕ ಸ್ವತ್ತು. ಕ್ರಿಕೆಟ್‌ನಿಂದ ಆದ ದೊಡ್ಡ ಉಪಕಾರಗಳಲ್ಲಿ ಇದೂ ಒಂದು. 2023ರ ದೂರಸಂಪರ್ಕ ಕಾಯ್ದೆಯ 7ನೇ ಸೆಕ್ಷನ್ ಇನ್ನೂ ನೇರ: ಈಗಾಗಲೇ ಒಬ್ಬರಿಗೆ ಕೊಟ್ಟ ತರಂಗಾಂತರದ ಭಾಗವನ್ನು ಎರಡನೇ ಬಳಕೆದಾರರಿಗೂ ಸರ್ಕಾರ ಕೊಡಬಹುದು, ಕಾರಣವಿಲ್ಲದೆ ಬಳಸದೇ ಬಿಟ್ಟರೆ ವಾಪಸ್ ಪಡೆಯಬಹುದು. ಬಾಗಿಲು ಇದೆ, ಬೀಗ ತೆಗೆದಿದೆ. ಆದರೆ ‘ಬಹುದು’ ಅನ್ನೋ ಪದ ಇರುವಲ್ಲೆಲ್ಲ ಫೈಲು ಮಲಗುತ್ತೆ.

ಹರಾಜೇ ಸರ್ವರೋಗಕ್ಕೂ ಮದ್ದು ಅನ್ನೋರು 2024ರ ಜೂನ್ ಹರಾಜಿನ ಲೆಕ್ಕ ನೋಡಲಿ. ಇಟ್ಟದ್ದು 10,522 ಮೆಗಾಹರ್ಟ್ಸ್, ಹೋದದ್ದು 141. ಉಳಿದದ್ದರಲ್ಲಿ ಹೆಚ್ಚಿನ ಪಾಲು 26 ಗಿಗಾಹರ್ಟ್ಸ್ ಅನ್ನೋದು ನಿಜ, ಅದಕ್ಕೆ ಬೇಡಿಕೆ ಕಡಿಮೆ ಅನ್ನೋದೂ ನಿಜ. ಆದರೂ ಕೊಳ್ಳೋರಿಲ್ಲದ ಜಾಗವನ್ನು ಒಂದು ಕಾಲೇಜಿನ ಲ್ಯಾಬಿಗೋ, ಒಂದು ಎಪಿಎಂಸಿ ಯಾರ್ಡಿಗೋ ಹಂಗಾಮಿಯಾಗಿ ಬಳಸೋಕೆ ಬಿಟ್ಟರೆ ಕಳ್ಕೊಳ್ಳೋದೇನು?

ಹಾಗಾಗಿ ಮೇಲಿನ 700 ಮೆಗಾಹರ್ಟ್ಸ್ ಬಗ್ಗೆ ನಾವು ಕೇಳೋದು ಇಷ್ಟೇ. ಹರಾಜು ಹಾಕೋದಾದರೆ ಹಾಕಿ. ಆದರೆ ಕೊಂಡವರು ಒಂದು ಪ್ರದೇಶದಲ್ಲಿ ಟವರ್ ನಿಲ್ಲಿಸುವವರೆಗೆ ಅಲ್ಲಿ ಮನೆಯೊಳಗಿನ ಕಡಿಮೆ ಪವರ್ ವೈ-ಫೈಗೆ ಬಿಡಿ, ಯಾವ ಟವರ್ ಎಲ್ಲಿ ಶುರುವಾಗಿದೆ ಅನ್ನೋದನ್ನು ರೂಟರ್‌ಗಳು ಕೇಳಿ ತಿಳ್ಕೊಳ್ಳೋ ಒಂದು ಡೇಟಾಬೇಸ್ ಇರಲಿ, ಈ ಕರಾರನ್ನು ಹರಾಜಿಗೆ ಮುಂಚೆಯೇ ಬರೆಯಿರಿ. ಆಮೇಲೆ ಬರೆದರೆ ಕೊಂಡವರು ಕೋರ್ಟಿಗೆ ಹೋಗ್ತಾರೆ, ಹೋಗೋದು ನ್ಯಾಯವೂ ಹೌದು. ಬ್ರಿಟನ್‌ನ ಆಫ್‌ಕಾಮ್ ಇದೇ ಮೇಲಿನ 6 ಗಿಗಾಹರ್ಟ್ಸ್‌ನಲ್ಲಿ ವೈ-ಫೈ ಮತ್ತು ಮೊಬೈಲ್ ಎರಡೂ ಬಾಳುವ ಪ್ರಸ್ತಾಪ ಮುಂದಿಟ್ಟಿದೆ. ಅವರು ಮುಗಿಸೋವರೆಗೆ ಕಾದು ನಕಲು ಮಾಡಬೇಕಾ? ಅಂಥ ಡೇಟಾಬೇಸ್ ಬರೆಯೋಕೆ ಬೇಕಾದ ಜನ ಬೆಂಗಳೂರಲ್ಲಿ ಇಲ್ಲ ಅಂದ್ರೆ ಇನ್ನೆಲ್ಲಿದ್ದಾರೆ?

ಟ್ರಾಯ್ ಇಂಥ ವಿಷಯಗಳಿಗೆ ಸಮಾಲೋಚನಾ ಪತ್ರ ಹೊರಡಿಸಿ ಯಾರು ಬೇಕಾದರೂ ಅಭಿಪ್ರಾಯ ಕಳಿಸಿ ಅಂತ ಕೇಳುತ್ತೆ. ನಮ್ಮದನ್ನು ಬರೀತಿದ್ದೀವಿ. ಬರೀ ಮಾತು ಕಳಿಸೋಕಿಂತ ಅಳತೆ ಕಳಿಸೋದು ಮೇಲು ಅಂತ ಮುಂದಿನ ಶನಿವಾರ ಮಧ್ಯಾಹ್ನ ಹಾಸ್ಟೆಲ್‌ನ ಅಂತಸ್ತು ಅಂತಸ್ತಿಗೂ ಯಾವ ಚಾನೆಲ್ ಎಷ್ಟು ತುಂಬಿದೆ ಅಂತ ನಕ್ಷೆ ಮಾಡ್ತೀವಿ, ಟೆರೇಸಿನ ಮೇಲೆ ಯುಎಚ್‌ಎಫ್ ಬ್ಯಾಂಡನ್ನು ಇನ್ನೊಂದು ಸಲ, ಈ ಸಲ ಒಳ್ಳೇ ಆಂಟೆನಾ ಇಟ್ಟು ನೋಡ್ತೀವಿ. ಡಾಂಗಲ್ ಎರಡಿವೆ, ಲ್ಯಾಪ್‌ಟಾಪ್ ನೀವು ತನ್ನಿ. ಯಾವ ಬ್ರಾಂಚ್‌ನವರಾದರೂ ಬರಬಹುದು, ಸಿವಿಲ್‌ನವರು ಬಂದರೆ ಯಾವ ಗೋಡೆ ಎಷ್ಟು ಸಿಗ್ನಲ್ ತಿನ್ನುತ್ತೆ ಅಂತಲೂ ಅಳೆಯೋಣ. ಬರೋರು ದಯವಿಟ್ಟು ಹಾಟ್‌ಸ್ಪಾಟ್ ಆಫ್ ಮಾಡ್ಕೊಂಡು ಬನ್ನಿ.